ಮಗ ಮತ್ತು ಮಗನಂತೆ: ದೋರಸಮುದ್ರದ ಎರಡು ಶಿಲಾಲೇಖಗಳು

ಮನುಷ್ಯನನ್ನು ಮನುಷ್ಯನೊಡನೆ ಕಟ್ಟಿಹಾಕುವ ನಂಟುಗಳಲ್ಲಿ ರಕ್ತದ ನಂಟು ಒಂದು, ಋಣದ ನಂಟು ಮತ್ತೊಂದು. ಹುಟ್ಟಿನಿಂದ ಬಂದುದು ಮೊದಲನೆಯದು. ಉಂಡ ಅನ್ನದಿಂದ, ಪಡೆದ ಆಶ್ರಯದಿಂದ, ಒಡೆಯನ ವಿಶ್ವಾಸದಿಂದ ಬಂದುದು ಎರಡನೆಯದು. ಇವೆರಡರಲ್ಲಿ ಯಾವುದು ಹೆಚ್ಚು ಎಂಬ ಪ್ರಶ್ನೆ ಹೊಸದಲ್ಲ. ಆದರೆ ಆ ಪ್ರಶ್ನೆಗೆ ಕಲ್ಲಿನಲ್ಲಿ ಕೊರೆದ ಎರಡು ಉತ್ತರಗಳು ಒಂದೇ ಊರಿನಲ್ಲಿ, ಸ್ವಲ್ಪ ಹೊತ್ತು ನಡೆದರೆ ಒಂದರಿಂದ ಇನ್ನೊಂದಕ್ಕೆ ತಲುಪಬಹುದಾದಷ್ಟು ಸಮೀಪದಲ್ಲಿ ದೊರೆಯುವುದು ಅಪರೂಪ. ಹಿಂದೆ ದೋರಸಮುದ್ರವೆನಿಸಿದ್ದ ಹಳೇಬೀಡಿನಲ್ಲಿ ಅವು ಇವೆ. ಒಂದು ಬಸ್ತಿಹಳ್ಳಿಯ ಪಾರ್ಶ್ವನಾಥ ಬಸದಿಯ ಶಾಸನ; ಇನ್ನೊಂದು ಹೊಯ್ಸಳೇಶ್ವರ ದೇವಾಲಯದ ಬಳಿಯಿರುವ ಕುವರ ಲಕ್ಷ್ಮನ ಸ್ತಂಭ. ಮೊದಲನೆಯದು ತಂದೆಗಾಗಿ ಮಗನು ಮಾಡಿದ್ದನ್ನು ಹೇಳುತ್ತದೆ. ಎರಡನೆಯದು ಒಡೆಯನಿಗಾಗಿ, ಅವನು ‘ಮಗನಂತೆ’ ಸಾಕಿದವನು ಮಾಡಿದ್ದನ್ನು ಹೇಳುತ್ತದೆ.

ಮೊದಲ ಕಥೆಯ ಮೂಲಪುರುಷ ದಂಡನಾಯಕ ಗಂಗರಾಜ. ವಿಷ್ಣುವರ್ಧನನ ಸೇನಾಧಿಪತಿಯಾಗಿ ಚೋಳರಿಂದ ತಲಕಾಡನ್ನು ಬಿಡಿಸಿಕೊಂಡವನು, ಗಂಗವಾಡಿಯ ಬಸದಿಗಳನ್ನು ಜೀರ್ಣೋದ್ಧಾರ ಮಾಡಿಸಿದವನು, ಶ್ರವಣಬೆಳಗೊಳದ ಗೊಮ್ಮಟೇಶ್ವರನ ಸುತ್ತಾಲಯವನ್ನು ಕಟ್ಟಿಸಿದವನು ಈತ. ಕಣ್ಣೇಗಾಲದಲ್ಲಿ ಚಾಲುಕ್ಯ ಸೈನ್ಯವನ್ನು ಸೋಲಿಸಿ ಬಂದಾಗ ಅರಸನು ಮೆಚ್ಚಿ, ಬೇಡಿದುದನ್ನು ಕೊಡುವೆನೆಂದನು. ಗಂಗರಾಜನು ತನಗಾಗಿ ಏನನ್ನೂ ಬೇಡಲಿಲ್ಲ. ಪರಮ ಎಂಬ ಗ್ರಾಮವನ್ನು ಕೇಳಿ ಪಡೆದು, ತನ್ನ ತಾಯಿಯೂ ಮಡದಿಯೂ ಮಾಡಿಸಿದ ಜಿನಾಲಯಗಳ ಪೂಜೆಗೆಂದು 1118ರಲ್ಲಿ ಬಿಟ್ಟುಕೊಟ್ಟನು. ತಾಯಿ ಪೋಚವ್ವೆಗಾಗಿ ಚಂದ್ರಗಿರಿಯಲ್ಲಿ ಅವನು ಕಟ್ಟಿಸಿದ ಬಸದಿಯೇ ಇಂದಿನ ಕತ್ತಲೆ ಬಸದಿ. ತಾಯಿಯೂ ಮಡದಿ ಲಕ್ಕಲೆಯೂ ಸಲ್ಲೇಖನದಿಂದ ದೇಹ ಬಿಟ್ಟರು. ಇಬ್ಬರ ಸ್ಮರಣೆಯನ್ನೂ ಗಂಗರಾಜನು ಬೆಳಗೊಳದ ಶಿಲೆಯಲ್ಲಿ ಉಳಿಸಿದನು. ಯುದ್ಧಭೂಮಿಯಲ್ಲಿ ಗಳಿಸಿದ ಕೀರ್ತಿಯನ್ನು ಮನೆಯ ಹೆಂಗಸರ ಧರ್ಮಕಾರ್ಯಕ್ಕೆ ಅರ್ಪಿಸಿದ ಈ ನಡತೆಯನ್ನು ಮಕ್ಕಳು ಕಣ್ಣಾರೆ ಕಂಡಿದ್ದರು.

ಗಂಗರಾಜನು ತೀರಿಕೊಂಡ ಮೇಲೆ ಅವನ ಮಗ ಬೊಪ್ಪದೇವನು 1133ರಲ್ಲಿ ದೋರಸಮುದ್ರದಲ್ಲಿ ತಂದೆಯ ಪರೋಕ್ಷವಿನಯಕ್ಕಾಗಿ ಒಂದು ಜಿನಾಲಯವನ್ನು ಕಟ್ಟಿಸಿದನು. ತಂದೆಗಿದ್ದ ‘ದ್ರೋಹಘರಟ್ಟ’ ಎಂಬ ಬಿರುದಿನಿಂದ ಅದಕ್ಕೆ ದ್ರೋಹಘರಟ್ಟ ಜಿನಾಲಯವೆಂದು ಹೆಸರಾಯಿತು. ದ್ರೋಹಿಗಳನ್ನು ಅರೆಯುವ ಬೀಸುಕಲ್ಲು ಎಂಬುದು ಆ ಬಿರುದಿನ ಅರ್ಥ. ಯೋಧನಿಗೆ ಸಲ್ಲುವ ಉಗ್ರವಾದ ಹೆಸರು. ಆ ಹೆಸರನ್ನು ಹೊತ್ತ ಕಟ್ಟಡದ ಒಳಗೆ ನಿಂತಿರುವವನು ಮಾತ್ರ ಯಾರಿಗೂ ಭಯವನ್ನುಂಟುಮಾಡದ ಪಾರ್ಶ್ವಜಿನ. ನವರಂಗದ ಕಂಬಗಳಿಗೆ ಕೊಟ್ಟ ನುಣುಪು ಇಂದಿಗೂ ನೋಡುವವರ ಮುಖವನ್ನು ಪ್ರತಿಬಿಂಬಿಸುತ್ತದೆ.

ಬಸದಿಯ ಪ್ರತಿಷ್ಠೆಯ ಮೇಲೆ ನಡೆದುದನ್ನು ಶಾಸನವು ವಿವರವಾಗಿ ಹೇಳುತ್ತದೆ. ಪ್ರತಿಷ್ಠೆಯ ಶೇಷಾಕ್ಷತೆಯನ್ನು ಅರ್ಚಕರು ಬಂಕಾಪುರದಲ್ಲಿದ್ದ ವಿಷ್ಣುವರ್ಧನನ ಬಳಿಗೆ ಕೊಂಡೊಯ್ದರು. ಅದೇ ಸಮಯಕ್ಕೆ ಅರಸನು ಮಸಣನೆಂಬ ಶತ್ರುವನ್ನು ಗೆದ್ದಿದ್ದನು. ರಾಣಿ ಲಕ್ಷ್ಮೀದೇವಿಯಲ್ಲಿ ಅವನಿಗೆ ಗಂಡುಮಗುವೂ ಹುಟ್ಟಿತ್ತು. ಅರಸನು ಎದ್ದು ಬಂದು ಕೈಮುಗಿದು ಅಕ್ಷತೆಯನ್ನು ತಲೆಯ ಮೇಲೆ ಧರಿಸಿ, ಈ ದೇವರ ಪ್ರತಿಷ್ಠೆಯ ಫಲದಿಂದಲೇ ತನಗೆ ವಿಜಯವೂ ಪುತ್ರಜನನವೂ ಒದಗಿದುವೆಂದು ಸಂತೋಷಪಟ್ಟನು. ದೇವರಿಗೆ ವಿಜಯಪಾರ್ಶ್ವನೆಂದೂ ಮಗುವಿಗೆ ವಿಜಯನರಸಿಂಹನೆಂದೂ ಹೆಸರಿಟ್ಟು, ಇಂದು ಅರಸೀಕೆರೆ ತಾಲ್ಲೂಕಿನಲ್ಲಿರುವ ಜಾವಗಲ್ಲನ್ನು ಬಸದಿಗೆ ದತ್ತಿಯಾಗಿ ಕೊಟ್ಟನು.

ವಿಷ್ಣುವರ್ಧನನ ಮತಾಂತರದ ಚರ್ಚೆಯಲ್ಲಿ ಈ ಪ್ರಸಂಗವನ್ನು ಸಾಕ್ಷ್ಯವಾಗಿ ಎತ್ತಿಕೊಳ್ಳುವ ವಾಡಿಕೆಯಿದೆ. ವೈಷ್ಣವ ದೇವಾಲಯಗಳನ್ನು ಕಟ್ಟಿಸಿದ ಅರಸನು ಜಿನಪ್ರಸಾದವನ್ನು ಭಕ್ತಿಯಿಂದ ಸ್ವೀಕರಿಸಿದನೆಂಬುದು ಮುಖ್ಯವಾದ ಸಂಗತಿಯೇ ಸರಿ. ಆದರೆ ಅದರಲ್ಲಿ ಇನ್ನೊಂದು ವಿಶೇಷವೂ ಅಡಗಿದೆ. ಅರಸನ ಹೆಸರನ್ನು ಪ್ರಜೆಗಳು ತಮ್ಮ ಮಕ್ಕಳಿಗಿಡುವುದು, ದೇವಾಲಯಗಳಿಗಿಡುವುದು ಲೋಕರೂಢಿ. ಇಲ್ಲಿ ಅರಸನ ಮಗನೂ ಸೇವಕನ ಮಗನು ಕಟ್ಟಿಸಿದ ಗುಡಿಯ ದೇವರೂ ‘ವಿಜಯ’ವೆಂಬ ಒಂದೇ ಹೆಸರನ್ನು ಹಂಚಿಕೊಂಡರು. ತಂದೆಯನ್ನು ಕಳೆದುಕೊಂಡ ಮನೆಯ ದುಃಖವೂ ಮಗುವನ್ನು ಪಡೆದ ಮನೆಯ ಸಂತೋಷವೂ ಒಂದೇ ಅಕ್ಷತೆಯಲ್ಲಿ ಕೂಡಿದುವು. ಒಡೆಯ ಆಳುಗಳ ನಡುವಿನ ಅಂತರ ಅಳಿದುಹೋಯಿತೆಂದು ಇದರ ಅರ್ಥವಲ್ಲ. ಆ ಅಂತರವಿದ್ದೂ ಪರಸ್ಪರ ಗೌರವಕ್ಕೆ ಎಡೆಯಿತ್ತು. ಆ ಗೌರವಕ್ಕಾಗಿ ಯಾರೂ ಪ್ರಾಣ ತೆರಬೇಕಾಗಿರಲಿಲ್ಲ.

ಇನ್ನು ಎರಡನೆಯ ಶಿಲೆಯ ಕಥೆ. ಬಸದಿಯ ದೇವರೊಡನೆ ಹೆಸರು ಹಂಚಿಕೊಂಡ ಆ ಮಗುವೇ ಮುಂದೆ ಒಂದನೆಯ ನರಸಿಂಹನಾಗಿ ಆಳಿದನು. ಅವನ ಸ್ವಂತ ಮಗ ಎರಡನೆಯ ವೀರಬಲ್ಲಾಳನು ತಂದೆಗೆ ತಿರುಗಿ ಬಿದ್ದು, ಸಾಮಂತರ ಬೆಂಬಲವನ್ನು ಕೂಡಿಸಿಕೊಂಡು, 1173ರಲ್ಲಿ ಪಟ್ಟವೇರಿದನು. ಹೊಯ್ಸಳ ರಾಜ್ಯವನ್ನು ಸ್ವತಂತ್ರ ಸಾಮ್ರಾಜ್ಯವಾಗಿ ಬೆಳೆಸಿದ ಮಹಾವೀರನ ಆಳ್ವಿಕೆಯು ರಕ್ತಸಂಬಂಧದ ಬಿರುಕಿನಿಂದಲೇ ಮೊದಲಾಯಿತು ಎಂಬುದನ್ನು ಚರಿತ್ರೆ ಮರೆಮಾಚುವುದಿಲ್ಲ.

ಆ ಬಲ್ಲಾಳನ ಆಶ್ರಯದಲ್ಲಿ ಬೆಳೆದವನು ದಂಡನಾಯಕ ಲಕ್ಷ್ಮ. ಅರಸನು ಅವನನ್ನು ಮಗನಂತೆ ಸಾಕಿದನೆಂದು ಸ್ತಂಭಶಾಸನವು ಹೇಳುತ್ತದೆ. ಅವನ ಹೆಸರಿನ ಹಿಂದಿರುವ ‘ಕುವರ’ ಎಂಬ ಮಾತಿಗೂ ಕುಮಾರ, ಮಗ ಎಂದೇ ಅರ್ಥ. ಒಡೆಯನು ಸತ್ತರೆ ತಾನೂ ಸಾಯುವೆನೆಂಬ ವ್ರತವನ್ನು ತೊಟ್ಟ ಇಂಥವರನ್ನು ಆ ಕಾಲದಲ್ಲಿ ಗರುಡರೆಂದೂ ಲೆಂಕರೆಂದೂ ವೇಳೆವಾಳಿಗಳೆಂದೂ ಕರೆಯುತ್ತಿದ್ದರು. ವ್ರತದ ಗುರುತಾಗಿ ಅವರು ಕಾಲಿಗೆ ತೊಡರನ್ನು ತೊಡುತ್ತಿದ್ದರು. ಉಂಡ ಜೋಳದ ಋಣವನ್ನು ಪ್ರಾಣದಿಂದ ತೀರಿಸುವುದು ಅವರ ಧರ್ಮವೆನಿಸಿತ್ತು. 1220ರಲ್ಲಿ ಬಲ್ಲಾಳನು ತೀರಿಕೊಂಡಾಗ ಲಕ್ಷ್ಮನೂ ಅವನ ಪತ್ನಿಯೂ ಸಂಗಡಿಗರಾದ ವೀರರೂ ತಮ್ಮ ಪ್ರಾಣಗಳನ್ನು ತಾವೇ ನೀಗಿದರು. ಕಠಾರಿ ಹಿಡಿದು ತಮ್ಮ ಅಂಗಗಳನ್ನೂ ಶಿರಸ್ಸನ್ನೂ ಕತ್ತರಿಸಿಕೊಳ್ಳುತ್ತಿರುವ ವೀರರ ಚಿಕ್ಕ ಚಿಕ್ಕ ಮೂರ್ತಿಗಳು ಆ ಕಂಬದ ಮೇಲಿವೆ. ಹೊಯ್ಸಳೇಶ್ವರನ ಗೋಡೆಗಳ ಮೇಲಣ ಕುಸುರಿಯನ್ನು ನೋಡಿ ಹೊರಬರುವ ಎಷ್ಟೋ ಜನ ಯಾತ್ರಿಕರ ಕಣ್ಣಿಗೆ ಈ ಕಂಬ ಬೀಳುವುದೇ ಇಲ್ಲ.

ಕಂಬವನ್ನು ನೆಟ್ಟವರು ಹೆಮ್ಮೆಯಿಂದಲೇ ನೆಟ್ಟರು. ಲಕ್ಷ್ಮನ ನಿಷ್ಠೆಯನ್ನು ಹಗುರವಾಗಿ ಕಾಣಲು ಯಾರಿಗೂ ಅಧಿಕಾರವಿಲ್ಲ. ಆದರೆ ವಿಚಾರ ಮಾಡುವವನಿಗೆ ಒಂದು ಪ್ರಶ್ನೆ ಏಳದೆ ಇರದು. ಬಲ್ಲಾಳನು ಸತ್ತಾಗ ಅವನ ಹೊಟ್ಟೆಯಲ್ಲಿ ಹುಟ್ಟಿದ ಮಗ ಎರಡನೆಯ ನರಸಿಂಹನು ಸಿಂಹಾಸನವನ್ನೇರಿದನು. ಮಗನಂತೆ ಬೆಳೆದವನು ಮೃತ್ಯುವನ್ನು ಸೇರಿದನು. ಮಗನಿಗೆ ರಾಜ್ಯ, ಮಗನಂತಿದ್ದವನಿಗೆ ಕಠಾರಿ. ‘ಅಂತೆ’ ಎಂಬ ಎರಡೇ ಅಕ್ಷರಗಳಲ್ಲಿ ಒಡೆಯನಿಗೂ ಆಳಿಗೂ ಇರುವ ಅಂತರವೆಲ್ಲ ಉಳಿದುಕೊಂಡಿತ್ತು. ಪ್ರೀತಿ ನಿಜವಾಗಿದ್ದಿರಬಹುದು, ಆದರೆ ಅದರ ಬೆಲೆಯನ್ನು ಕಟ್ಟುವ ದಿನ ಬಂದಾಗ ಅದು ಆಶ್ರಿತನ ಪಾಲಿಗೆ ಮಾತ್ರ ಬಂದಿತು. ಅವನ ಪತ್ನಿಯ ಸ್ವಂತ ಮಾತು ಯಾವ ಕಲ್ಲಿನಲ್ಲಿಯೂ ಇಲ್ಲ.

ಈ ಪದ್ಧತಿ ಕರ್ನಾಟಕಕ್ಕೆ ಮಾತ್ರ ಸೀಮಿತವಾಗಿರಲಿಲ್ಲ. ಸಾವಿರಾರು ಮೈಲಿಗಳಾಚೆಯ ಜಪಾನಿನಲ್ಲಿ ಒಡೆಯನು ಸತ್ತಾಗ ಅವನ ಸಮುರಾಯಿ ಯೋಧರು ಪ್ರಾಣ ಬಿಡುವ ಸಂಪ್ರದಾಯಕ್ಕೆ ‘ಜುನ್ಶಿ’ ಎಂದು ಹೆಸರು. 1663ರಲ್ಲಿ ಅಲ್ಲಿಯ ತೊಕುಗವಾ ಸರ್ಕಾರವೇ ಅದನ್ನು ನಿಷೇಧಿಸಿತು. ಆದರೂ 1912ರಲ್ಲಿ ಮೇಜಿ ಚಕ್ರವರ್ತಿಯ ಅಂತ್ಯಕ್ರಿಯೆಯ ದಿನ ಸೇನಾನಿ ನೊಗಿಯೂ ಅವನ ಪತ್ನಿಯೂ ಪ್ರಾಣತ್ಯಾಗ ಮಾಡಿದರು. ದೋರಸಮುದ್ರದ ಲಕ್ಷ್ಮನಿಗೂ ಟೋಕಿಯೋದ ನೊಗಿಗೂ ನಡುವೆ ಸುಮಾರು 700 ವರ್ಷಗಳ ಅಂತರ. ಘಟನೆಯ ರೂಪ ಮಾತ್ರ ಒಂದೇ.

ಆ ದೇಶದ ಚಲನಚಿತ್ರಕಾರರು ತಮ್ಮ ಪರಂಪರೆಯ ಈ ಭಾಗವನ್ನು ಕಣ್ಣುಮುಚ್ಚಿ ಹೊಗಳಲಿಲ್ಲ. ಮಸಾಕಿ ಕೊಬಯಾಶಿಯವರು 1962ರಲ್ಲಿ ತೆಗೆದ ‘ಹರಕಿರಿ’ ಎಂಬ ಚಿತ್ರದ ಕಥೆ 1630ರ ಕಾಲದ್ದು. ಒಡೆಯನನ್ನು ಕಳೆದುಕೊಂಡು ಬಡತನಕ್ಕೆ ಬಿದ್ದ ಒಬ್ಬ ತರುಣ ಯೋಧನು, ರೋಗಿಗಳಾದ ಹೆಂಡತಿ ಮಗುವನ್ನು ಬದುಕಿಸಿಕೊಳ್ಳಲು ತನ್ನ ಕತ್ತಿಯ ಅಲಗನ್ನೇ ಮಾರಿ, ಒರೆಯಲ್ಲಿ ಬಿದಿರಿನ ಅಲಗನ್ನಿಟ್ಟುಕೊಂಡಿರುತ್ತಾನೆ. ನೆರವು ದೊರೆತೀತೆಂಬ ಆಸೆಯಿಂದ ಸಿರಿವಂತ ಮನೆತನವೊಂದರ ಬಾಗಿಲಿಗೆ ಬಂದು, ಅಲ್ಲಿ ಪ್ರಾಣ ಬಿಡಲು ಅನುಮತಿ ಕೇಳುತ್ತಾನೆ. ಆ ಮನೆಯವರು ಮರ್ಯಾದೆಯ ಹೆಸರಿನಲ್ಲಿ ಅದೇ ಬಿದಿರಿನಿಂದ ಅವನು ಹೊಟ್ಟೆ ಬಗಿದುಕೊಳ್ಳುವಂತೆ ಮಾಡುತ್ತಾರೆ. ಅವನ ಮಾವನು ನ್ಯಾಯ ಕೇಳಲು ಬಂದು ತಾನೂ ಅಳಿಯುತ್ತಾನೆ. ಕೊನೆಯಲ್ಲಿ ಮನೆತನದ ದಫ್ತರದಲ್ಲಿ ನಿಜಸಂಗತಿ ಬರೆಯಲ್ಪಡುವುದಿಲ್ಲ. ಮನೆತನದ ಗೌರವ ಮಾತ್ರ ಉಳಿಯುತ್ತದೆ. ಕುಲದ ಕೀರ್ತಿಯನ್ನು ಬರೆಯುವ ಲೇಖನಿ ಯಾರ ಕೈಯಲ್ಲಿರುತ್ತದೆಂಬುದನ್ನು ಆ ಚಿತ್ರ ನೋಡಿದವರು ಮರೆಯಲಾರರು.

ಅದೇ ದೇಶದ ಬೇರೆ ಚಿತ್ರಗಳು ಪ್ರಶ್ನೆಯನ್ನು ಯುದ್ಧಭೂಮಿಯಿಂದ ಮನೆಯ ಒಳಗೆ ತಂದವು. ಯಸುಜಿರೊ ಓಜು ಅವರ ‘ಟೋಕಿಯೋ ಸ್ಟೋರಿ’ (1953) ಚಿತ್ರದಲ್ಲಿ ವೃದ್ಧ ದಂಪತಿಗಳು ನಗರದಲ್ಲಿರುವ ಮಕ್ಕಳನ್ನು ನೋಡಲು ಬರುತ್ತಾರೆ. ವೈದ್ಯನಾದ ಮಗನಿಗೂ ಅಂಗಡಿ ನಡೆಸುವ ಮಗಳಿಗೂ ಬಿಡುವಿಲ್ಲ. ಯುದ್ಧದಲ್ಲಿ ಮಡಿದ ಇನ್ನೊಬ್ಬ ಮಗನ ವಿಧವೆ ನೊರಿಕೊ ಎಂಬುವಳು, ಒಂದು ಕೋಣೆಯ ಬಡಮನೆಯಲ್ಲಿರುವವಳು, ಕೆಲಸಕ್ಕೆ ರಜೆ ಹಾಕಿ ಅವರನ್ನು ಉಪಚರಿಸುತ್ತಾಳೆ. ಅತ್ತೆ ತೀರಿಕೊಂಡ ಮೇಲೆ ಮಾವನು ಅತ್ತೆಯ ಗಡಿಯಾರವನ್ನು ಕೊಡುವುದು ಈ ಸೊಸೆಗೆ. ಹಿರೊಕಾಜು ಕೊರೆಎಡ ಅವರ ‘ಲೈಕ್ ಫಾದರ್, ಲೈಕ್ ಸನ್’ (2013) ಚಿತ್ರದಲ್ಲಿ ಸಿರಿವಂತ ವಾಸ್ತುಶಿಲ್ಪಿಯೊಬ್ಬನಿಗೆ, ಆರು ವರ್ಷ ಸಾಕಿದ ಮಗನು ತನ್ನ ರಕ್ತದವನಲ್ಲ, ಆಸ್ಪತ್ರೆಯಲ್ಲಿ ಅದಲುಬದಲಾದವನು ಎಂದು ತಿಳಿಯುತ್ತದೆ. ಅವನ ರಕ್ತದ ಮಗು ಬೆಳೆದುದು ಸಣ್ಣ ವಿದ್ಯುತ್ ಸಾಮಗ್ರಿಯ ಅಂಗಡಿಯವನ ಮನೆಯಲ್ಲಿ. ಹಣ ಕೊಟ್ಟರೆ ಇಬ್ಬರು ಮಕ್ಕಳನ್ನೂ ಪಡೆಯಬಹುದೆಂದು ಅವನು ಎಣಿಸುತ್ತಾನೆ. ಮಕ್ಕಳ ಮುರಿದ ಆಟಿಕೆಗಳನ್ನು ಸರಿಪಡಿಸಿಕೊಡುವ ಆ ಅಂಗಡಿಯವನಿಂದಲೇ ತಂದೆತನವನ್ನು ಕಲಿಯಬೇಕಾಗಿ ಬರುತ್ತದೆ. ಮಕ್ಕಳನ್ನು ಬದಲಿಸಿದ ದಾದಿಯನ್ನು ಅವನು ಹುಡುಕಿಕೊಂಡು ಹೋದಾಗ, ಆಕೆಯ ಮಲಮಗನಾದ ಹುಡುಗನು ಅಡ್ಡ ನಿಂತು, ಈಕೆ ನನ್ನ ತಾಯಿ ಎನ್ನುತ್ತಾನೆ. ತಪ್ಪು ಮಾಡಿದವಳಿಗೂ ರಕ್ತವಲ್ಲದ ಮಗನೊಬ್ಬನು ಆಸರೆಯಾದನು.

ಇಷ್ಟು ದೂರ ಹೋಗಿ ಬಂದವರಿಗೆ ದೋರಸಮುದ್ರದ ಆಸ್ಥಾನದಲ್ಲಿಯೇ ಇದಕ್ಕಿಂತ ಆಳವಾದ ಉತ್ತರವೊಂದು ಹುಟ್ಟಿತ್ತೆಂಬುದು ನೆನಪಾಗಬೇಕು. ಲಕ್ಷ್ಮನು ಯಾರಿಗಾಗಿ ಸತ್ತನೋ ಅದೇ ವೀರಬಲ್ಲಾಳನಿಂದ ‘ಕವಿಚಕ್ರವರ್ತಿ’ ಎಂಬ ಬಿರುದನ್ನು ಪಡೆದವನು ಜೈನಕವಿ ಜನ್ನ. ಅವನ ‘ಯಶೋಧರಚರಿತೆ’ ರಚಿತವಾದುದು 1209ರಲ್ಲಿ, ಲಕ್ಷ್ಮನ ಮರಣಕ್ಕೆ 11 ವರ್ಷ ಮೊದಲು. ಆ ಕಾವ್ಯದಲ್ಲಿ ಅರಮನೆಯ ರಾಣಿ ಅಮೃತಮತಿ ಕುರೂಪಿಯಾದ ಮಾವುತನಿಗೆ ಮನಸೋಲುತ್ತಾಳೆ. ಕೆಟ್ಟ ಕನಸಿನ ಶಾಂತಿಗೆ ಬಲಿ ಕೊಡಬೇಕೆಂದು ತಾಯಿ ಚಂದ್ರಮತಿ ಒತ್ತಾಯಿಸಿದಾಗ, ಮಗ ಯಶೋಧರನು ಪ್ರಾಣಿಯನ್ನು ಕೊಲ್ಲಲೊಪ್ಪದೆ ಹಿಟ್ಟಿನ ಕೋಳಿಯನ್ನು ಬಲಿ ಕೊಡುತ್ತಾನೆ. ಆ ಸಂಕಲ್ಪಹಿಂಸೆಯ ಫಲವಾಗಿ ತಾಯಿಮಕ್ಕಳು ನವಿಲೂ ನಾಯಿಯೂ ಆಗಿ, ಮತ್ತೆ ಬೇರೆ ಬೇರೆ ಪ್ರಾಣಿಗಳಾಗಿ ಹುಟ್ಟಿ, ಒಬ್ಬರನ್ನೊಬ್ಬರು ಅರಿಯದೆ ಕೊಲ್ಲುತ್ತಾರೆ. ಯಾರ ಸದ್ಗತಿಗೆಂದು ಮಗನು ಪ್ರಾಣಿಯನ್ನು ಕೊಲ್ಲಿಸಿದನೋ, ಕೊಲೆಯಾದ ಪ್ರಾಣಿ ಆ ತಂದೆಯೇ ಆಗಿರುತ್ತಾನೆ. ಕೊನೆಗೆ ಅವರಿಬ್ಬರೂ ಯಶೋಧರನ ಮಗನಿಗೇ ಅವಳಿ ಮಕ್ಕಳಾಗಿ, ಅಭಯರುಚಿ ಅಭಯಮತಿಯರೆಂದು ಹುಟ್ಟುತ್ತಾರೆ. ತಂದೆ ಮಗನಿಗೆ ಮಗನಾದ ಮೇಲೆ, ಅಜ್ಜಿ ಮೊಮ್ಮಗನಿಗೆ ಮಗಳಾದ ಮೇಲೆ ರಕ್ತದ ಹೆಮ್ಮೆಗೆ ಅರ್ಥವೆಲ್ಲಿ? ರಾಜನು ಕೋಳಿಯಾದ ಮೇಲೆ ಕುಲದ ಹೆಮ್ಮೆಗೆ ಅರ್ಥವೆಲ್ಲಿ?

ಜೈನಧರ್ಮವು ಬಂಧುಗಳನ್ನು ತೊರೆಯಬೇಕೆಂದು ಗೃಹಸ್ಥನಿಗೆ ಹೇಳುವುದಿಲ್ಲ. ದ್ವಾದಶಾನುಪ್ರೇಕ್ಷೆಗಳಲ್ಲಿ ಅನ್ಯತ್ವವನ್ನೂ ಏಕತ್ವವನ್ನೂ ಚಿಂತಿಸೆಂದು ಹೇಳುವುದರ ತಾತ್ಪರ್ಯವಿಷ್ಟೆ: ಇವನು ನನ್ನವನು ಎಂಬ ಕಾರಣಕ್ಕೆ ಇನ್ನೊಬ್ಬನ ಪ್ರಾಣದ ಮೇಲೆ ಹಕ್ಕು ಹುಟ್ಟುವುದಿಲ್ಲ, ನಾನು ಅವನವನು ಎಂಬ ಕಾರಣಕ್ಕೆ ನನ್ನ ಪ್ರಾಣವನ್ನು ನೀಗುವುದು ಧರ್ಮವಾಗುವುದಿಲ್ಲ. ಇಲ್ಲಿ ಕೆಲವರು ಆಕ್ಷೇಪವೆತ್ತಬಹುದು. ಪೋಚವ್ವೆ, ಲಕ್ಕಲೆಯರೂ ಸ್ವಇಚ್ಛೆಯಿಂದ ದೇಹ ಬಿಡಲಿಲ್ಲವೆ? ಗರುಡನ ಮರಣಕ್ಕೂ ಸಲ್ಲೇಖನಕ್ಕೂ ಭೇದವೇನು? ಉಮಾಸ್ವಾತಿ ಆಚಾರ್ಯರ ತತ್ತ್ವಾರ್ಥಸೂತ್ರವು ಸಲ್ಲೇಖನದ ಐದು ಅತಿಚಾರಗಳನ್ನು ಎಣಿಸುವಾಗ ಬದುಕಿನ ಆಸೆಯೊಡನೆ ಮರಣದ ಆಸೆಯನ್ನೂ ದೋಷವೆಂದಿದೆ. ಅದರ ಜೊತೆಗೇ ಮಿತ್ರಾನುರಾಗವನ್ನೂ ದೋಷವೆಂದಿದೆ. ಒಡೆಯನ ಮೇಲಣ ಅನುರಾಗದಿಂದ, ಮರಣವನ್ನು ಬಯಸಿ, ಆಯುಧದಿಂದ ಸಾಯುವುದಕ್ಕೂ, ಆಯುಸ್ಸು ಮುಗಿಯುತ್ತ ಬಂದಾಗ ಎಲ್ಲರನ್ನೂ ಕ್ಷಮಿಸಿ, ಎಲ್ಲರ ಕ್ಷಮೆಯನ್ನೂ ಬೇಡಿ, ಕಷಾಯಗಳನ್ನು ಕೃಶಗೊಳಿಸುತ್ತ ಹೋಗುವುದಕ್ಕೂ ಇರುವ ಅಂತರ ಇದು. ಒಂದು ನಂಟನ್ನು ಬಿಗಿಗೊಳಿಸುತ್ತದೆ, ಇನ್ನೊಂದು ಬಿಡಿಸುತ್ತದೆ.

ಗರುಡರ ಕಾಲ ಕಳೆದುಹೋಗಿದೆ. ಆದರೆ ‘ಮಗನಂತೆ’ ಎಂಬ ಮಾತು ಉಳಿದಿದೆ. ಮನೆಯಲ್ಲಿ ಹತ್ತಾರು ವರ್ಷ ದುಡಿದವಳನ್ನು ಮನೆಮಗಳಂತೆ ಎನ್ನುವುದುಂಟು. ಅಂಗಡಿಯ, ತೋಟದ ಆಳನ್ನು ಮಗನಂತೆ ಎನ್ನುವುದುಂಟು. ಬಸದಿಯ ಪುರೋಹಿತರನ್ನೂ ಕಾವಲಿನವನನ್ನೂ ನಮ್ಮ ಕುಟುಂಬದವರು ಎನ್ನುವುದುಂಟು. ಆ ಮಾತಿನ ನಿಜ ಪರೀಕ್ಷೆಯಾಗುವುದು ಸುಖದ ದಿನಗಳಲ್ಲಲ್ಲ. ಆತನಿಗೆ ಕಾಯಿಲೆ ಬಂದ ದಿನ, ದುಡಿಯುವ ಶಕ್ತಿ ಕುಂದಿದ ದಿನ, ಮಕ್ಕಳ ವಿದ್ಯಾಭ್ಯಾಸಕ್ಕೆ ಹಣ ಬೇಕಾದ ದಿನ ‘ಅಂತೆ’ ಎಂಬುದು ಎಷ್ಟು ಉದ್ದದ ಮಾತೆಂದು ತಿಳಿಯುತ್ತದೆ. ಅಹಿಂಸಾಣುವ್ರತದ ಅತಿಚಾರಗಳಲ್ಲಿ ಅತಿಭಾರಾರೋಪಣವೂ ಅನ್ನಪಾನನಿರೋಧವೂ ಸೇರಿವೆ. ಶಕ್ತಿ ಮೀರಿ ಹೊರೆ ಹೊರಿಸುವುದು, ಸಲ್ಲಬೇಕಾದ ಅನ್ನವನ್ನು ತಡೆಯುವುದು ಹಿಂಸೆಯೇ. ಪ್ರೀತಿಯ ಹೆಸರಿನಲ್ಲಿ ಸಂಬಳವನ್ನು ಕಡಿಮೆ ಮಾಡುವವರು ಈ ಎರಡು ಮಾತುಗಳನ್ನು ಒಮ್ಮೆ ಮನಸ್ಸಿಗೆ ತಂದುಕೊಳ್ಳುವುದು ಒಳ್ಳೆಯದು. ದತ್ತು ಬಂದ ಮಗು, ಮನೆಗೆ ಬಂದ ಸೊಸೆ ಇವರ ವಿಷಯದಲ್ಲಿಯೂ ಇದೇ ಮಾತು ಸಲ್ಲುತ್ತದೆ.

ದೋರಸಮುದ್ರದ ರಾಜವಂಶದ ಮುಂದಿನ ಕಥೆ ಇದಕ್ಕೆ ಪೂರಕವಾಗಿಯೇ ಇದೆ. ಬಲ್ಲಾಳನ ಮೊಮ್ಮಗ ಸೋಮೇಶ್ವರನು 1254ರಲ್ಲಿ ರಾಜ್ಯವನ್ನು ಬೇರೆ ಬೇರೆ ರಾಣಿಯರ ಮಕ್ಕಳಾದ ಮೂರನೆಯ ನರಸಿಂಹನಿಗೂ ರಾಮನಾಥನಿಗೂ ಹಂಚಿದನು. ರಕ್ತದಿಂದ ಅಣ್ಣತಮ್ಮಂದಿರಾದ ಅವರಿಬ್ಬರೂ ಕಾದಾಡಿದರು. ಅದೇ 1254ರಲ್ಲಿ ನರಸಿಂಹನು ವಿಜಯಪಾರ್ಶ್ವನ ಬಸದಿಗೆ ಬಂದು, ಬೊಪ್ಪದೇವನ ಕಾಲದ ಪೂರ್ವಶಾಸನವನ್ನು ಕಂಡು, ಅದರಲ್ಲಿದ್ದ ತನ್ನ ವಂಶದ ರಾಜಾವಳಿಯನ್ನು ತಿಳಿದನೆಂದು ಶಾಸನವಿದೆ. ಅರಸನೊಬ್ಬನು ತನ್ನ ಹಿರಿಯರ ಸಾಲನ್ನು ಓದಿಕೊಳ್ಳಲು, ಅವರ ಸೇವಕನ ಮಗನೊಬ್ಬನು ತನ್ನ ತಂದೆಗಾಗಿ ಕಟ್ಟಿಸಿದ ಗುಡಿಗೆ ಬಂದುದು ಗಮನಾರ್ಹ. ವಂಶದ ನೆನಪನ್ನು ಕಾದುಕೊಂಡಿದ್ದುದು ಅದೇ ರಕ್ತದವರಲ್ಲ, ವಿನಯದಿಂದ ಕಟ್ಟಿದ ಒಂದು ಧರ್ಮಸ್ಥಾನ.

ಆ ಅರಮನೆ ಈಗಿಲ್ಲ. ಹೊಯ್ಸಳರ ಸಂತತಿಯ ಸಾಲು ಮುಗಿದು ಶತಮಾನಗಳಾದುವು. ಬೊಪ್ಪದೇವನ ಬಸದಿ ನಿಂತಿದೆ. ಲಕ್ಷ್ಮನ ಕಂಬವೂ ನಿಂತಿದೆ. ಹಳೇಬೀಡಿಗೆ ಮಕ್ಕಳನ್ನು ಕರೆದುಕೊಂಡು ಹೋಗುವ ಶ್ರಾವಕ ಕುಟುಂಬಗಳು ಬಸ್ತಿಹಳ್ಳಿಯಲ್ಲಿ ಪಾರ್ಶ್ವನಾಥನ ದರ್ಶನ ಮಾಡಿಸಿದ ಮೇಲೆ ಆ ಕಂಬವನ್ನೂ ತೋರಿಸುವುದು ಯುಕ್ತ. ಒಡೆಯನಾಗಿ ಬಾಳುವವನು ಲಕ್ಷ್ಮನನ್ನು ಹೊಗಳುವುದಕ್ಕೆ ಮೊದಲು, ತನಗಾಗಿ ಯಾರೂ ಹಾಗೆ ಸಾಯಬೇಕಾಗದಂತೆ ಬದುಕುವುದು ಹೇಗೆಂದು ಯೋಚಿಸಬೇಕು.